ಮುಳುಗಿದ ಅಳತೆಗಂಬ

"ಮೇಷ್ಟ್ರೇ, ವಾಕ್ಯದೊಳಗಿನ ಅಂಕಿಯನ್ನು ಎಸ್‌ಸ್ಕ್ಯಾನ್‌ಎಫ್ ಫಂಕ್ಷನ್ ಒಂದೇ ಸಾಲಿನಲ್ಲಿ ಹೆಕ್ಕಿ ಕೊಡುತ್ತದೆ. ಎಷ್ಟು ಅಂಕಿ ಸಿಕ್ಕಿತು ಎಂದು ಅದು ಮರಳಿ ಹೇಳುವುದನ್ನೂ ನಾವು ನೋಡಲೇಬೇಕೆ?" ಎಂದು ಯಶೋಮತಿ ಕೇಳಿದಳು. ಅವಳು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಬಂದು ಎರಡು ತಿಂಗಳಾಗಿತ್ತು.

ಮೇಷ್ಟ್ರು ಒಂದು ಕತೆ ಹೇಳಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಹೊಳೆಯ ಮೇಲ್ಭಾಗದಲ್ಲಿ ಒಬ್ಬ ಕಾವಲುಗಾರ ಅಳತೆಗಂಬ ನೋಡಿ, ಗಂಟೆಗೊಮ್ಮೆ 'ನೀರು 4 ಅಡಿ' ಎಂಬಂತೆ ಸಂದೇಶ ಕಳಿಸುತ್ತಿದ್ದ. ಪ್ರೋಗ್ರಾಮು ಅದರೊಳಗಿನ ಅಂಕಿಯನ್ನು ಎಸ್‌ಸ್ಕ್ಯಾನ್‌ಎಫ್‌ನಿಂದ ತೆಗೆದು, ಕೆಳಗಿನ ತಗ್ಗು ಸೇತುವೆಯ ಫಲಕದಲ್ಲಿ ತೋರಿಸುತ್ತಿತ್ತು. ಮೇಲಿನ ನೀರು ಸೇತುವೆ ಮುಟ್ಟಲು ಮೂರು ಗಂಟೆ ಬೇಕು. ಜನ ಫಲಕ ನಂಬಿ ಹೊಳೆ ದಾಟುತ್ತಿದ್ದರು.

ಒಂದು ದಿನ ಮಳೆ ಹಿಡಿಯಿತು. ಎಂಟು ಗಂಟೆಗೆ ಫಲಕದಲ್ಲಿ ನಾಲ್ಕಡಿ. ಒಂಬತ್ತಕ್ಕೂ ನಾಲ್ಕೇ. ಪ್ರೋಗ್ರಾಮರನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯ ಬಳಿ ಹೋದ, ಬಂದು ಪರದೆ ನೋಡಿದ, ಮತ್ತೆ ಎದ್ದ. ಪ್ರೋಗ್ರಾಮು ಎಲ್ಲೂ ನಿಂತಿರಲಿಲ್ಲ, ಯಾವ ದೋಷವನ್ನೂ ತೋರಿಸಿರಲಿಲ್ಲ. ಎಲ್ಲ ಸರಿಯಾಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಹತ್ತು ದಾಟಿದ ಮೇಲೆ ತಡೆಯಲಾರದೆ, ಬಂದಿದ್ದ ಸಂದೇಶಗಳನ್ನೇ ತೆರೆದು ಓದಿದ. ಕೊನೆಯ ಮೂರರಲ್ಲೂ ಒಂದೇ ಮಾತಿತ್ತು: 'ಕಂಬ ಮುಳುಗಿದೆ. ಯಾರನ್ನೂ ದಾಟಲು ಬಿಡಬೇಡಿ.' ಅವುಗಳಲ್ಲಿ ಅಂಕಿಯೇ ಇರಲಿಲ್ಲ. ಹಾಗಾಗಿ ಏಳು ಗಂಟೆಗೆ ಬಂದಿದ್ದ ನಾಲ್ಕೇ ಪ್ರೋಗ್ರಾಮಿನಲ್ಲಿ ಹಾಗೇ ಉಳಿದಿತ್ತು.

ಅವನು ಬೈಕ್ ಹತ್ತಿ ಸೇತುವೆಗೆ ಧಾವಿಸಿದ. ಅಷ್ಟರಲ್ಲಿ ಹಾಲಿನವನೊಬ್ಬ ಫಲಕ ನೋಡಿಕೊಂಡು ಸೇತುವೆಗೆ ಇಳಿದಾಗಿತ್ತು. ನೆರೆ ಅವನನ್ನು ನಡುದಾರಿಯಲ್ಲಿ ಹಿಡಿಯಿತು. ಮರುದಿನ ಸಿಕ್ಕಿದ್ದು ಅವನ ಸೈಕಲ್ಲು ಮಾತ್ರ.

ಪ್ರೋಗ್ರಾಮರ್ ಕಾವಲುಗಾರನನ್ನು ಹುಡುಕಿಕೊಂಡು ಹೋದ. "ಏನಾದರೂ ಒಂದು ಅಂಕಿ ಕಳಿಸಬಾರದಿತ್ತೆ?" ಎಂದ.

"ಕಂಬವೇ ಕಾಣದ ಮೇಲೆ ಯಾವ ಅಂಕಿ ಕಳಿಸಲಿ, ಸ್ವಾಮಿ?" ಎಂದ ಕಾವಲುಗಾರ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಅಷ್ಟೆಲ್ಲ ಆಗುವಾಗ ಎಸ್‌ಸ್ಕ್ಯಾನ್‌ಎಫ್ ಸುಮ್ಮನೆ ಇದ್ದುಬಿಟ್ಟಿತೇ ಎಂದು ಯಶೋಮತಿ ಕೇಳಿದಳು.

"ಸಿಕ್ಕಿದ್ದು ಸೊನ್ನೆ ಎಂದು ಅದು ಮೂರು ಸಲವೂ ಹೇಳಿತ್ತು" ಎಂದರು ಮೇಷ್ಟ್ರು.