ಮ್ಯಾನೇಜರರ ಕೆಂಪು ಮೀನು

ಕ್ರೋಮ್ ಲೇಪನದ ಕಾರ್ಖಾನೆಯ ನೀರು ಕೆರೆಗೆ ಹರಿದ ಹನ್ನೊಂದನೇ ದಿನ, ಬಲೆಗೆ ಬಂದದ್ದೆಲ್ಲ ಸತ್ತ ಮೀನು. ಹನ್ನೆರಡನೇ ದಿನ ತನಿಖೆಗೆ ಅಧಿಕಾರಿ ಬಂದರು.

ಮ್ಯಾನೇಜರ್ ಚಂದ್ರಮೌಳಿ ಅವರನ್ನು ತಮ್ಮ ಕೋಣೆಯಲ್ಲಿ ಕೂರಿಸಿ, ಕಚೇರಿ ಗುಡಿಸುವ ಹೆಂಗಸನ್ನು ಕರೆದರು. ಅವಳ ಗಂಡ ಅದೇ ಕೆರೆಯ ಬೆಸ್ತ.

"ಈ ಕಾಗದದಲ್ಲಿ ಕೆರೆ ನೀರು ಚೆನ್ನಾಗಿದೆ ಅಂತ ಬರೆದಿದೆ. ಊರಿನವಳು ನೀನು, ಸಹಿ ಹಾಕು." ಆಮೇಲೆ ಅಧಿಕಾರಿಗೆ ಕೇಳದಂತೆ ದನಿ ತಗ್ಗಿಸಿದರು: "ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಹಾಕ್ತೀನಿ ಸಾರ್. ನೀರು ಚೆನ್ನಾಗಿದೆ ಅಂತ ನೀವು ನಿನ್ನೆಯೂ ಹೇಳಿದ್ರಲ್ಲ? ಅದಕ್ಕೇ ಬೆಳಿಗ್ಗೆ ನಿಮ್ಮ ಮೀನಿನ ತೊಟ್ಟಿಗೂ ಎರಡು ಕೊಡ ಕೆರೆ ನೀರೇ ಸುರಿದೆ."

ಚಂದ್ರಮೌಳಿ ಕುರ್ಚಿ ಉರುಳಿಸಿಕೊಂಡು ಎದ್ದರು. ಮೇಜಿನ ಪಕ್ಕದ ಗಾಜಿನ ತೊಟ್ಟಿಗೆ ಕೋಟಿನ ತೋಳು ಸಮೇತ ಕೈ ಹಾಕಿ, ಮೂರು ವರ್ಷದಿಂದ ಸಾಕಿದ ಕೆಂಪು ಮೀನನ್ನು ಬಾಚಿ, ಕುಡಿಯುವ ನೀರಿನ ಜಗ್ಗಿಗೆ ಬಿಟ್ಟರು.

"ಅಯ್ಯೋ ಪಾಪಿ! ಆ ಕೆರೆ ನೀರಲ್ಲಿ ಕ್ರೋಮಿಯಂ ಇದೆ, ಸೀಸ ಇದೆ! ಕಿವಿರು ಸುಟ್ಟು ಸಂಜೆಯೊಳಗೆ ಸತ್ತುಹೋಗುತ್ತೆ ಕಣೇ!"

ಅಧಿಕಾರಿ ಕೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದು, ಕಾಗದವನ್ನು ಚಂದ್ರಮೌಳಿಯವರ ಮುಂದಿಟ್ಟರು. "ಸಹಿ ನೀವೇ ಹಾಕಿ."

ಒದ್ದೆ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ನೆಲ ಒರೆಸುತ್ತಾ ಹೇಳಿದಳು:

"ಗಾಬರಿಯಾಗಬೇಡಿ ಸಾರ್, ನಾನು ಸುರಿದದ್ದು ಬಾವಿ ನೀರು. ಗೊತ್ತಿದ್ದೂ ಗೊತ್ತಿದ್ದೂ ಆ ವಿಷ ಸುರಿಯೋಕೆ ನನಗೆ ಕೈ ಬರಲಿಲ್ಲ."