ಕೋಸಂಬರಿಗೆ ಉಪ್ಪು ಬಿದ್ದಿತ್ತೇ?

ಸಂಕ್ರಾಂತಿಯ ಬೆಳಿಗ್ಗೆ ಉಪ್ಪಿನ ಚಮಚವು ಹುಗ್ಗಿಗೆ, ಗೊಜ್ಜಿಗೆ, ಸಾರಿಗೆ ಎಂದು ಓಡಾಡಿ, ಮತ್ತೆ ತುಂಬಿಕೊಂಡು ಕೋಸಂಬರಿಯ ಬಟ್ಟಲಿನ ಮುಂದೆ ಬಂದು ನಿಂತಿತು. ನಿಂತ ಮೇಲೆ ಅದಕ್ಕೆ ದಿಗಿಲಾಯಿತು. ತಾನು ಇಲ್ಲಿಗೆ ಆಗಲೇ ಬಂದು ಹೋಗಿದ್ದೆನೋ ಇಲ್ಲವೋ, ನೆನಪಾಗಲೊಲ್ಲದು. ನೈವೇದ್ಯಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಎರಡು ಸಲ ಬಿದ್ದರೆ, ದೇವರ ಮುಂದಿಟ್ಟದ್ದನ್ನು ಮನೆಮಂದಿಯೆಲ್ಲ ಎಲೆಯ ತುದಿಗೆ ತಳ್ಳುತ್ತಾರೆ.

“ಅಮ್ಮಾ, ನಾನು ಬಂದಿದ್ದೆನೇ?” ಎಂದು ಹೆಸರುಬೇಳೆಯನ್ನು ಕೇಳಿತು.

“ನೆನೆದು ನೆನೆದು ನನಗಿನ್ನೂ ಮಂಪರು. ಚೆನ್ನಾಗಿ ಬಸಿದು ಇಲ್ಲಿ ಹಾಕಿದರು, ಅಷ್ಟೇ ಗೊತ್ತು.”

“ಬಂದಿಲ್ಲ,” ಎಂದಿತು ಕ್ಯಾರೆಟ್. “ಬಂದಿದ್ದರೆ ನನ್ನ ಕಣ್ಣು ತಪ್ಪುತ್ತಿತ್ತೇ?”

“ಬಂದಿತ್ತು. ನನ್ನ ಮೇಲೆ ಬಿದ್ದದ್ದನ್ನು ನಾನೇ ನೋಡಿದೆ,” ಎಂದಿತು ತೆಂಗಿನತುರಿ.

“ಅದು ನಿನ್ನದೇ ತುರಿ ಇರಬೇಕು ಮಾರಾಯ್ತಿ. ನೀನೂ ಉಪ್ಪೂ ಇಬ್ಬರೂ ಬೆಳ್ಳಗೇ ಇದ್ದೀರಿ,” ಎಂದಿತು ಕ್ಯಾರೆಟ್.

ಚಮಚದ ತಲೆ ಇನ್ನಷ್ಟು ಕೆಟ್ಟಿತು. ದೇವರ ಮನೆಯಲ್ಲಿ ಗಂಟೆಯ ಸದ್ದಾಯಿತು. ಆದದ್ದಾಗಲಿ, ಹಾಕಿಯೇ ಬಿಡೋಣವೆಂದು ಅದು ಬಾಗುವಷ್ಟರಲ್ಲಿ ಸೌತೆಕಾಯಿ ಮೆಲ್ಲಗೆ ಹೇಳಿತು: “ತಡಿಯಪ್ಪ. ಬಟ್ಟಲನ್ನು ಒಂದಿಷ್ಟು ವಾಲಿಸಿ ನೋಡು.”

ವಾಲಿಸಿದರೆ ಅಂಚಿನಲ್ಲಿ ನೀರು ಕೂಡಿಕೊಂಡಿತು.

“ಅದು ನನ್ನ ನೀರು. ಉಪ್ಪು ಮುಟ್ಟದೆ ನಾನು ಇಷ್ಟು ನೀರು ಬಿಡುವವಳಲ್ಲ.”

“ಮೊದಲೇ ಹೇಳಬಾರದಿತ್ತೇ ತಾಯಿ?”

“ನೀನು ನೋಡಿದವರ ಮಾತು ಕೇಳುತ್ತಿದ್ದೆ. ನಾನು ನೋಡಲಿಲ್ಲ, ನನಗೆ ತಾಗಿತು.”

ಚಮಚವು ತುಂಬಿದ್ದಂತೆಯೇ ಉಪ್ಪಿನ ಭರಣಿಗೆ ಹಿಂದಿರುಗಿತು.