ಗೆಜ್ಜೆ ಕಟ್ಟಿದ ಕತ್ತೆ

ಚೆನ್ನಿ ಎಂಬ ಹೆಣ್ಣು ಕತ್ತೆ ಹುಟ್ಟಿದ್ದೇ ಕಟ್ಟಿನಲ್ಲಿ. ಓಡಲು ಕಲಿತ ದಿನವೇ ಅವಳ ಮುಂಗಾಲಿಗೆ ಹಗ್ಗ ಬಿತ್ತು. ವರ್ಷಗಟ್ಟಲೆ ಮರಳು ಹೊತ್ತಳು. ಆಮೇಲೆ ಕೂಸುಗಳಿಗೆ ಒಳ್ಳೆಯದೆಂದು ಕತ್ತೆ ಹಾಲಿಗೆ ಬೆಲೆ ಬಂತು. ಕೂಸು ಎತ್ತಿಕೊಂಡು ಜನ ಬಾಗಿಲಲ್ಲಿ ನಿಂತರು. ಹಗ್ಗ ಹೋಗಿ ಚೆನ್ನಿಯ ಕಾಲಿಗೆ ಗೆಜ್ಜೆ ಬಂತು; ಅವಳ ಮರಿಗೂ ಹಗ್ಗ ಬೀಳಲಿಲ್ಲ. ಅವಳು ಕೂಗಿದರೆ ಯಜಮಾನ ಸಿದ್ರಾಮ ಊಟ ಬಿಟ್ಟು ಏಳುತ್ತಿದ್ದ.

ಒಂದು ಬೆಳಗ್ಗೆ ಸಿದ್ರಾಮನ ಇನ್ನೊಂದು ಕತ್ತೆಯ ಮರಿ ಓಡಲು ಕಲಿಯಿತು. ಸಿದ್ರಾಮ ಅದೇ ಹಳೇ ಹಗ್ಗ ತಂದು ಅದರ ಕಾಲಿಗೆ ಬಿಗಿದ.

"ಬಿಡು ಅದನ್ನು," ಎಂದಳು ಚೆನ್ನಿ ಹಗ್ಗಕ್ಕೆ.

ಹಗ್ಗ ನಕ್ಕಿತು. "ಏನವ್ವಾ ಗೌಡಸಾನಿ! ನಿನ್ನನ್ನೂ ಬಿಟ್ಟೆ, ನಿನ್ನ ಮರಿಯನ್ನೂ ಬಿಟ್ಟೆ. ಇದು ಯಾರದೋ ಮರಿ. ನಿನಗೇನು ನೋವು?"

"ನೀನು ಕಚ್ಚುವ ಜಾಗ ನನಗೆ ಗೊತ್ತು."

"ಹಿಡಿದದ್ದನ್ನು ನಾನು ಸುಮ್ಮನೆ ಬಿಡುವುದಿಲ್ಲ."

"ಹಾಗಾದರೆ ಇವತ್ತು ನಾನೂ ಬಿಡುವುದಿಲ್ಲ."

ಸಿದ್ರಾಮ ಹಾಲು ಕರೆಯಲು ಕೂತ. ಒಂದು ಹನಿಯೂ ಇಳಿಯಲಿಲ್ಲ. ಬೆಲ್ಲ ಕೊಟ್ಟ, ಬೆನ್ನು ಸವರಿದ, ಬೈದ. ಬಾಗಿಲಲ್ಲಿ ಕೂಸುಗಳು ಅಳತೊಡಗಿದವು. ಚೆನ್ನಿ ಮರಿಯ ಕಾಲನ್ನೇ ನೋಡುತ್ತ ನಿಂತಳು.

ಅವನ ಹೆಂಡತಿ ಈರವ್ವ ಹೊರಗೆ ಓಡಿಬಂದಳು. "ಅಕಿ ಯಾವ ಕಡೆ ನೋಡಾಕತ್ತಾಳ, ಕಾಣವಲ್ದೇನು ನಿಮಗ? ಬಿಚ್ಚರೀ ಆ ಹಗ್ಗಾ!"

ಸಿದ್ರಾಮ ಬಿಚ್ಚಿದ. ಮರಿ ಅಂಗಳದ ತುಂಬ ಕುಪ್ಪಳಿಸಿತು! ಚೊರ್ರೆಂದು ಹಾಲು ಪಾತ್ರೆಗೆ ಬಿತ್ತು!

ಮಣ್ಣಲ್ಲಿ ಬಿದ್ದ ಹಗ್ಗ ಕೇಳಿತು: "ಇನ್ನು ನನಗೇನು ಕೆಲಸ?"

"ಸೌದೆ ಹೊರೆ ಕಟ್ಟು," ಎಂದಳು ಚೆನ್ನಿ, ಗೆಜ್ಜೆ ಕುಣಿಸುತ್ತ. "ಅದಕ್ಕೆ ಓಡುವ ಆಸೆ ಇರುವುದಿಲ್ಲ."